ಹಾಜರಿ ಪುಸ್ತಕದಲ್ಲಿ ನನ್ನ ಹೆಸರು

2022ರ ಜೂನ್‌ನಲ್ಲಿ, ಶಾಲೆ ಶುರುವಾಗಿ ಒಂದು ತಿಂಗಳಾಗಿದ್ದಾಗ, ನನ್ನ ರಕ್ತಪರೀಕ್ಷೆಯ ವರದಿ ಕೈಗೆ ಬಂತು. ಬರಿಹೊಟ್ಟೆಯ ಸಕ್ಕರೆ 118, ಎಚ್‌ಬಿಎ1ಸಿ 6.3, ತೂಕ 74 ಕಿಲೋ, ಸೊಂಟದ ಸುತ್ತಳತೆ 94 ಸೆಂಟಿಮೀಟರ್. ಆಗ ನನಗೆ 46 ವರ್ಷ. ಮೈಸೂರಿನ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತೊಂದು ವರ್ಷಗಳಿಂದ ಗಣಿತ ಕಲಿಸುತ್ತಿದ್ದೆ. ಅಂಕಿಗಳೊಡನೆ ಬದುಕುವವಳಾದ್ದರಿಂದ, ವೈದ್ಯರು ಒಮ್ಮೆ ವಿವರಿಸಿದ ಮೇಲೆ ಈ ಅಂಕಿಗಳು ಏನು ಹೇಳುತ್ತಿವೆ ಎಂಬುದರಲ್ಲಿ ನನಗೆ ಸಂದೇಹ ಉಳಿಯಲಿಲ್ಲ. ಕೆಂಪು ರಕ್ತಕಣಗಳು ಸುಮಾರು 120 ದಿನ ಬದುಕುತ್ತವೆ. ಅಷ್ಟು ದಿನವೂ ರಕ್ತದಲ್ಲಿರುವ ಸಕ್ಕರೆ ಅವುಗಳೊಳಗಿನ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತ ಹೋಗುತ್ತದೆ. ಹಾಗೆ ಅಂಟಿಕೊಂಡ ಪಾಲು ಶೇಕಡಾ ಎಷ್ಟು ಎಂಬುದೇ ಎಚ್‌ಬಿಎ1ಸಿ. 5.7ಕ್ಕಿಂತ ಕಡಿಮೆಯಿದ್ದರೆ ನೆಮ್ಮದಿ, 6.5 ಮುಟ್ಟಿದರೆ ಮಧುಮೇಹ, ನಡುವೆ ಇರುವುದು ಅದರ ಹೊಸ್ತಿಲು. ಹಿಂದಿನ ರಾತ್ರಿ ಉಪವಾಸವಿದ್ದು ಈ ಪರೀಕ್ಷೆಯಲ್ಲಿ ಪಾಸಾಗಲು ಬರುವುದಿಲ್ಲ, ಏಕೆಂದರೆ ಎರಡು ಮೂರು ತಿಂಗಳ ದಿನಚರಿಯನ್ನೆಲ್ಲ ಅದು ಆಗಲೇ ಲೆಕ್ಕಕ್ಕೆ ಹಿಡಿದಿರುತ್ತದೆ.

ನಮ್ಮ ತಂದೆಯವರಿಗೆ ಸಕ್ಕರೆ ಕಾಯಿಲೆ ಇತ್ತು. ಮೊದಲು ಪಾದದ ಹುಣ್ಣು, ಆಮೇಲೆ ಒಂದು ಬೆರಳು, ಕೊನೆಗೆ ಮೂತ್ರಪಿಂಡ. ಅವರ ಕೊನೆಯ ಎರಡು ವರ್ಷ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಿ, ನಾಲ್ಕು ಗಂಟೆ ಹೊರಗಿನ ಬೆಂಚಿನ ಮೇಲೆ ಉತ್ತರಪತ್ರಿಕೆ ತಿದ್ದುತ್ತ ಕುಳಿತಿರುತ್ತಿದ್ದವಳು ನಾನೇ. ಆದ್ದರಿಂದ ವರದಿ ಕಂಡ ದಿನ ನನಗೆ ಯಾರೂ ಹೆದರಿಸಬೇಕಾಗಿರಲಿಲ್ಲ. ಇಷ್ಟು ಹೆದರಿದ ಮೇಲೆ ಬದಲಾಗುವುದು ಸುಲಭವೆಂದೇ ನಾನು ನಂಬಿದ್ದೆ, ಮತ್ತು ಆ ನಂಬಿಕೆ ಎಷ್ಟು ದುರ್ಬಲವಾದದ್ದು ಎಂಬುದು ತಿಳಿಯಲು ಮೂರು ವಾರವೂ ಬೇಕಾಗಲಿಲ್ಲ.

ಆ ಸೋಮವಾರವೇ ಎಲ್ಲವನ್ನೂ ಒಟ್ಟಿಗೆ ಶುರುಮಾಡಿದೆ. ಬೆಳಿಗ್ಗೆ ನಾಲ್ಕೂವರೆಗೆ ಏಳುವುದು, ಒಂದು ಗಂಟೆ ನಡಿಗೆ, ಅರ್ಧ ಗಂಟೆ ಯೋಗಾಸನ, ಸಕ್ಕರೆಯಿಲ್ಲದ ಕಾಫಿ, ಅನ್ನಕ್ಕೆ ಪೂರ್ತಿ ವಿದಾಯ, ರಾತ್ರಿ ಏಳರೊಳಗೆ ಊಟ. ಯಾವುದೋ ತರಬೇತಿಯಲ್ಲಿ 21 ದಿನ ಬಿಡದೆ ಮಾಡಿದ್ದು ಅಭ್ಯಾಸವಾಗಿಬಿಡುತ್ತದೆ ಎಂದು ಕೇಳಿದ್ದೆ. ಹಾಗಾಗಿ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ 21 ಮನೆಗಳನ್ನು ಗುರುತು ಮಾಡಿಕೊಂಡು ದಿನಕ್ಕೊಂದು ಮನೆ ತುಂಬುತ್ತ ಬಂದೆ. ಹತ್ತೊಂಬತ್ತನೆಯ ದಿನ ಆಷಾಢದ ಎರಡನೆಯ ಶುಕ್ರವಾರ. ಚಾಮುಂಡಿ ಬೆಟ್ಟಕ್ಕೆ ಮನೆಮಂದಿಯೆಲ್ಲ ನಸುಕಿನ ಮೂರಕ್ಕೇ ಹೊರಟು, ಜನಸಾಗರದಲ್ಲಿ ಸರತಿ ನಿಂತು, ದರ್ಶನ ಮುಗಿಸಿ, ಅಲ್ಲಿ ಕೊಟ್ಟ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ತಿಂದೆ. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಮನೆಗೆ ಬಂದು ಕ್ಯಾಲೆಂಡರ್ ನೋಡಿದಾಗ ಆ ದಿನದ ಮನೆಯನ್ನು ತುಂಬಲಾಗದೆ, ಸಂಜೆ ಎರಡು ಚಮಚ ಸಕ್ಕರೆಯ ಕಾಫಿ ಕುಡಿದೆ, ಮರುದಿನ ಏಳಲಿಲ್ಲ, ಅದರ ಮರುದಿನವೂ ಏಳಲಿಲ್ಲ. ಹೇಗೂ ಕೆಟ್ಟಿತು, ಇನ್ನು ಶ್ರಾವಣದಲ್ಲಿ ಹೊಸದಾಗಿ ಶುರುಮಾಡೋಣ ಎಂದುಕೊಂಡೆ. ಶ್ರಾವಣ ಬಂದರೆ ಹಬ್ಬಗಳ ಸಾಲು.

ಎರಡನೆಯ ಪ್ರಯತ್ನ 2023ರ ಜನವರಿಯದು, ಅದನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ: ವ್ಯಾಯಾಮಶಾಲೆಯೊಂದಕ್ಕೆ ವರ್ಷದ ಶುಲ್ಕವನ್ನು ಒಟ್ಟಿಗೆ ಕಟ್ಟಿದೆ, ಹದಿನಾಲ್ಕು ದಿನ ಹೋದೆ, ಎಸ್ಸೆಸ್ಸೆಲ್ಸಿ ಮಕ್ಕಳ ಪೂರ್ವಸಿದ್ಧತಾ ಪರೀಕ್ಷೆ ಬಂತು, ನಿಂತೆ. ಏಪ್ರಿಲ್‌ನ ವರದಿಯಲ್ಲಿ ಎಚ್‌ಬಿಎ1ಸಿ 6.4.

ಈ ಸಲ ವೈದ್ಯರು ನನ್ನ ವೃತ್ತಿಯನ್ನು ನೆನಪಿಟ್ಟುಕೊಂಡು, ಉಪದೇಶ ಮಾಡುವ ಬದಲು ಒಂದು ಲೆಕ್ಕ ಹೇಳಿದರು. ಚೆನ್ನೈನಲ್ಲಿ ನನ್ನಂತೆಯೇ ಹೊಸ್ತಿಲಲ್ಲಿದ್ದ 531 ಜನರನ್ನು ಸೇರಿಸಿಕೊಂಡು ಮಾಡಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಸಾಮಾನ್ಯ ಸಲಹೆಯನ್ನಷ್ಟೇ ಪಡೆದವರಲ್ಲಿ ಮೂರು ವರ್ಷದೊಳಗೆ ನೂರಕ್ಕೆ 55 ಮಂದಿಗೆ ಮಧುಮೇಹ ಬಂತು. ಊಟ ಮತ್ತು ನಡಿಗೆಯನ್ನು ತಿದ್ದಿಕೊಂಡು, ಆ ಕುರಿತು ಮೇಲಿಂದ ಮೇಲೆ ಮಾರ್ಗದರ್ಶನ ಪಡೆದವರಲ್ಲಿ ನೂರಕ್ಕೆ 39 ಮಂದಿಗೆ ಬಂತು. ಮನೆಗೆ ಬರುವ ದಾರಿಯುದ್ದಕ್ಕೂ ನಾನು ಈ ಎರಡು ಸಂಖ್ಯೆಗಳನ್ನೇ ಯೋಚಿಸಿದೆ. ನೂರು ಜನರಲ್ಲಿ ಹದಿನಾರು ಜನ ಉಳಿದುಕೊಂಡರು ಎಂಬುದು ಸಣ್ಣ ಮಾತಲ್ಲ. ಆದರೆ ಶಿಸ್ತಿನಿಂದಿದ್ದೂ ಮಧುಮೇಹ ಬಂದ 39 ಜನ ನನ್ನ ಮನಸ್ಸನ್ನು ಬಿಟ್ಟು ಹೋಗಲಿಲ್ಲ. ಅವರು ಸೋತವರೇ? ಅವರ ನಡಿಗೆ ವ್ಯರ್ಥವೇ? ನಾನು ಎಷ್ಟೇ ಪ್ರಯತ್ನಪಟ್ಟರೂ ವರದಿಯ ಅಂಕಿ ಪೂರ್ತಿಯಾಗಿ ನನ್ನ ಕೈಯಲ್ಲಿಲ್ಲ ಎಂದಾದರೆ, ನನ್ನ ಕೈಯಲ್ಲಿರುವುದು ಯಾವುದು ಎಂದು ಕೇಳಿಕೊಂಡೆ. ಬೆಳಿಗ್ಗೆ ಎದ್ದು ಹೊರಟೆನೋ ಇಲ್ಲವೋ ಎಂಬುದೊಂದೇ ನನ್ನದು. ಅಳೆಯುವುದಾದರೆ ಅದನ್ನೇ ಅಳೆಯಬೇಕು.

ಬೇಸಿಗೆ ರಜೆಯಲ್ಲಿ ಹಿಂದಿನ ಎರಡು ಸೋಲುಗಳನ್ನು ಕಾಗದದ ಮೇಲೆ ಬರೆದು ನೋಡಿದೆ. ನನಗೆ ಕಂಡದ್ದು ಇಷ್ಟು: ನಾನು ಆರೋಗ್ಯದ ಅಭ್ಯಾಸವನ್ನು ವ್ರತದಂತೆ ಹಿಡಿದಿದ್ದೆ. ವ್ರತಕ್ಕೆ ಸಂಕಲ್ಪವಿದೆ, ಕಟ್ಟುನಿಟ್ಟಿನ ನೇಮವಿದೆ, ಇಂತಿಷ್ಟು ದಿನ ಎಂಬ ಅವಧಿಯಿದೆ, ಕೊನೆಗೆ ಉದ್ಯಾಪನೆಯೂ ಇದೆ. ನಡುವೆ ಒಂದು ದಿನ ತಪ್ಪಿದರೆ ವ್ರತಭಂಗ, ಮತ್ತೆ ಮೊದಲಿನಿಂದ. ಹದಿನಾರು ಸೋಮವಾರದ ವ್ರತಕ್ಕೆ ಈ ಕಟ್ಟು ಸರಿ, ಏಕೆಂದರೆ ಹದಿನೇಳನೆಯ ಸೋಮವಾರ ಅದು ಮುಗಿದಿರುತ್ತದೆ. ಸಾಯುವವರೆಗೆ ಮಾಡಬೇಕಾದ ಕೆಲಸಕ್ಕೆ ಆ ಕಟ್ಟನ್ನು ಹೊದಿಸಿದ್ದು ನನ್ನ ತಪ್ಪು. ತಪ್ಪಿದ ದಿನ ಏನು ಮಾಡಬೇಕೆಂಬುದಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ.

ಹಾಗಾದರೆ ತಪ್ಪಿದ ದಿನಕ್ಕೂ ಜಾಗವಿರುವ ಶಿಸ್ತು ಯಾವುದು? ಉತ್ತರ ಎರಡು ದಶಕಗಳಿಂದ ನನ್ನ ಮೇಜಿನ ಮೇಲೆಯೇ ಇತ್ತು. ಪ್ರತಿದಿನ ಮೊದಲ ಅವಧಿಯಲ್ಲಿ ನಾನು ಹಾಜರಿ ಕೂಗುತ್ತೇನೆ. ಬಂದವರಿಗೆ ‘ಹಾ’, ಬಾರದವರಿಗೆ ‘ಗೈ’. ಜ್ವರ ಬಂದ ಮಗು ಮೂರು ದಿನ ಗೈರುಹಾಜರಾಗುತ್ತದೆ, ನಾಲ್ಕನೆಯ ದಿನ ರಜಾ ಚೀಟಿ ಹಿಡಿದು ಬರುತ್ತದೆ, ತನ್ನ ಜಾಗದಲ್ಲಿ ಕುಳಿತುಕೊಳ್ಳುತ್ತದೆ. ಮೂರು ದಿನ ಬರಲಿಲ್ಲವೆಂದು ಯಾವ ಮಗುವನ್ನೂ ನಾವು ಒಂದನೆಯ ತರಗತಿಗೆ ಕಳಿಸುವುದಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಶೇಕಡಾ 75 ಹಾಜರಿ ಬೇಕು. ನೂರು ಬೇಕೆಂದು ಮಂಡಳಿಯೂ ಕೇಳುವುದಿಲ್ಲ. ಮಕ್ಕಳಿಗೆ ಇಷ್ಟು ನ್ಯಾಯವಾಗಿ ನಡೆಯುವ ನಾನು ನನ್ನ ವಿಷಯದಲ್ಲಿ ಏಕೆ ನಡೆಯಬಾರದು ಎನ್ನಿಸಿತು. ಪುಸ್ತಕದಂಗಡಿಯಿಂದ ಒಂದು ಹಾಜರಿ ಪುಸ್ತಕ ಕೊಂಡು ತಂದು, ಮೊದಲ ಸಾಲಿನಲ್ಲಿ ನನ್ನ ಹೆಸರು ಬರೆದು, ಮೊದಲ ಪುಟದಲ್ಲಿ ಮೂರೇ ನಿಯಮ ಬರೆದುಕೊಂಡೆ. ಹತ್ತು ನಿಮಿಷ ನಡೆದರೆ ‘ಹಾ’. ವರ್ಷಕ್ಕೆ ಶೇಕಡಾ 75 ಆದರೆ ಉತ್ತೀರ್ಣ. ‘ಗೈ’ ಬಿದ್ದ ದಿನದ ಪಕ್ಕದಲ್ಲಿ ಕಾರಣವನ್ನು ಒಂದೇ ಪದದಲ್ಲಿ, ಸತ್ಯವಾಗಿ, ಬರೆಯಬೇಕು.

2023ರ ಜೂನ್ 1ರಂದು ಮೊದಲ ‘ಹಾ’ ಬಿತ್ತು.

ನಡಿಗೆಯೊಂದನ್ನೇ ಆರಿಸಿಕೊಂಡದ್ದು ಯೋಚಿಸಿ ಮಾಡಿದ ತೀರ್ಮಾನ. ಊಟದ ವಿಷಯವನ್ನು ಎರಡು ತಿಂಗಳು ಮುಟ್ಟಲೇ ಇಲ್ಲ. ಹಿಂದೆ ಆರು ಅಭ್ಯಾಸಗಳನ್ನು ಒಟ್ಟಿಗೆ ಹೊತ್ತಾಗ ಒಂದು ಬಿದ್ದದ್ದೇ ಎಲ್ಲವೂ ಬಿದ್ದಿದ್ದವು. ಇನ್ನು ಅದನ್ನು ದಿನದ ಯಾವ ಹೊತ್ತಿಗೆ ಕಟ್ಟುವುದು ಎಂಬ ಪ್ರಶ್ನೆ ಬಂದಾಗ, ನನ್ನ ದಿನದಲ್ಲಿ ಎಂದೂ ತಪ್ಪದಿರುವುದು ಯಾವುದೆಂದು ಹುಡುಕಿದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವುದು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ, ಮೈ ಸರಿಯಿಲ್ಲದ ದಿನ ಬಿಟ್ಟರೆ, ಬೆಳಿಗ್ಗೆ ಐದೂಮುಕ್ಕಾಲಿಗೆ ನಾನು ಹೊಸ್ತಿಲ ಹೊರಗೆ ನಿಂತಿರುತ್ತೇನೆ. ಇಂದು ರಂಗೋಲಿ ಹಾಕಲು ಮನಸ್ಸಿದೆಯೇ ಎಂದು ನಾನು ಒಂದು ದಿನವೂ ಕೇಳಿಕೊಂಡವಳಲ್ಲ. ಕೈ ತಾನಾಗಿ ಚುಕ್ಕಿ ಇಡುತ್ತದೆ. ಆದ್ದರಿಂದ ನಡಿಗೆಯ ಶೂಗಳನ್ನು ಒಳಗಿನ ಕಪಾಟಿನಿಂದ ತೆಗೆದು, ರಂಗೋಲಿ ಪುಡಿಯ ಡಬ್ಬಿ ಇರುವ ಬಾಗಿಲ ಪಕ್ಕದ ಗೂಡಿನ ಕೆಳಗೆ ಇಟ್ಟೆ. ಕೊನೆಯ ಎಳೆ ಮುಗಿದ ಮೇಲೆ ಒಳಗೆ ಹೋಗಬಾರದು. ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಶೂ ಹಾಕಿಕೊಳ್ಳಬೇಕು. ಒಮ್ಮೆ ಒಳಗೆ ಹೋದರೆ ಹಾಲು ಕಾಯಿಸುವುದಿರುತ್ತದೆ, ಚಟ್ನಿಗೆ ಕಾಯಿ ತುರಿಯುವುದಿರುತ್ತದೆ, ಮಗಳನ್ನು ಎಬ್ಬಿಸುವುದಿರುತ್ತದೆ. ಹೊಸ್ತಿಲಿನ ಹೊರಗೆ ಇರುವ ಆ ಎರಡು ನಿಮಿಷ ಮನೆಗೆಲಸದ್ದೂ ಅಲ್ಲ, ಶಾಲೆಯದೂ ಅಲ್ಲ. ಅದನ್ನು ನಾನು ಹಿಡಿದುಕೊಂಡೆ. ಇಂಥ ಹೊತ್ತಿನಲ್ಲಿ, ಇಂಥ ಜಾಗದಲ್ಲಿ, ಇಂಥ ಕೆಲಸ ಮುಗಿದ ಕೂಡಲೇ ಇದನ್ನು ಮಾಡುತ್ತೇನೆ ಎಂದು ಮುಂಚೆಯೇ ನಿಶ್ಚಯಿಸಿಕೊಂಡರೆ ಮಾಡುವ ಸಾಧ್ಯತೆ ಹೆಚ್ಚುತ್ತದೆ ಎಂಬುದನ್ನು ಮನೋವಿಜ್ಞಾನಿ ಪೀಟರ್ ಗಾಲ್‌ವಿಟ್ಜರ್ 1990ರ ದಶಕದಿಂದ ವಿವರಿಸುತ್ತ ಬಂದಿದ್ದಾರೆಂದು ಆಮೇಲೆ ಮಗಳು ಹೇಳಿದಳು. ಅವಳು ಪದವಿಯಲ್ಲಿ ಮನೋವಿಜ್ಞಾನ ಓದುತ್ತಿದ್ದಾಳೆ.

ನಮ್ಮ ಮನೆ ಸರಸ್ವತಿಪುರದಲ್ಲಿರುವುದರಿಂದ ಕುಕ್ಕರಹಳ್ಳಿ ಕೆರೆ ದೂರವಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ನೀರಿಗಾಗಿ ಕಟ್ಟಿಸಿದ ಕೆರೆ; ಈಗ ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಗೆ ಹೊಂದಿಕೊಂಡಿದೆ; ಕುವೆಂಪು ಅವರು ವಾಯುವಿಹಾರಕ್ಕೆ ಬರುತ್ತಿದ್ದ ಏರಿ ಅದೇ. ಮೊದಲ ವಾರ ನಾನು ಕೆರೆಯವರೆಗೂ ಹೋಗಲಿಲ್ಲ. ಬೀದಿಯ ತುದಿಯ ಹಾಲಿನ ಬೂತಿನವರೆಗೆ ಐದು ನಿಮಿಷ ಹೋಗಿ ಐದು ನಿಮಿಷದಲ್ಲಿ ಮರಳಿ ಬಂದು ‘ಹಾ’ ಬರೆದೆ. ಇಷ್ಟಕ್ಕೇ ಹಾಜರಿ ಕೊಡುವುದು ಸರಿಯೇ ಎಂಬ ಅಳುಕು ಇತ್ತು. ಆದರೆ ನಿಯಮ ನಿಯಮವೇ. ಎರಡನೆಯ ವಾರ ಕಾಲುಗಳೇ ಮುಂದೆ ಹೋದವು. ಕೆರೆಯ ಬಾಗಿಲು ಸಿಕ್ಕಿತು. ಒಳಗೆ ಹೋದರೆ ಏರಿಯ ಮೇಲೆ ತಂಪು, ನೀರಿನ ಮೇಲೆ ಹೆಜ್ಜಾರ್ಲೆಗಳು, ಮರದ ಕೊಂಬೆಯಲ್ಲಿ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತ ಕುಳಿತ ನೀರುಕಾಗೆಗಳು. ಕೆರೆಯನ್ನು ಪೂರ್ತಿ ಸುತ್ತಲು ನನಗೆ ಒಂದು ಗಂಟೆ ಬೇಕು, ಶಾಲೆಯ ದಿನಗಳಲ್ಲಿ ಅಷ್ಟು ಸಮಯವಿರುವುದಿಲ್ಲ. ಹದಿನೈದು ನಿಮಿಷ ಹೋಗಿ ಹದಿನೈದು ನಿಮಿಷದಲ್ಲಿ ತಿರುಗಿ ಬರುತ್ತೇನೆ. ವಾರಕ್ಕೆ ಕನಿಷ್ಠ 150 ನಿಮಿಷದ ಬಿರುಸಾದ ನಡಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ದಿನ ಹೋದರೂ ಆ ಲೆಕ್ಕ ತುಂಬುತ್ತದೆ.

ಜುಲೈ ತಿಂಗಳ ಪುಟವನ್ನು ಕೂಡಿದಾಗ ಒಂದು ಸಂಗತಿ ಎದ್ದು ಕಂಡಿತು. ‘ಗೈ’ಗಳ ಪಕ್ಕದಲ್ಲಿ ಮಳೆ ಎಂದು ಬರೆದದ್ದು ಎರಡು ಸಲ, ತಲೆನೋವು ಒಂದು ಸಲ, ‘ನಿದ್ದೆ’ ಎಂದು ಬರೆದದ್ದು ಆರು ಸಲ. ಒಂದೇ ಪದವಾದರೂ ಸತ್ಯ ಬರೆಯಬೇಕೆಂಬ ಮೂರನೆಯ ನಿಯಮದ ಬೆಲೆ ಆಗ ತಿಳಿಯಿತು. ಬೆಳಗಿನ ಸೋಮಾರಿತನವೆಂದು ನಾನು ವರ್ಷಗಟ್ಟಲೆ ಬೈದುಕೊಂಡದ್ದು ಹಿಂದಿನ ರಾತ್ರಿಯ ಹನ್ನೊಂದೂವರೆಯ ಕಥೆಯಾಗಿತ್ತು. ಮನೆಯವರೆಲ್ಲ ಮಲಗಿದ ಮೇಲೆ ಹಾಸಿಗೆಯಲ್ಲಿ ಫೋನ್ ನೋಡುತ್ತ ಕಳೆಯುವ ಒಂದೂವರೆ ಗಂಟೆ ಇಡೀ ದಿನದಲ್ಲಿ ನನ್ನದೆನ್ನಿಸುವ ಒಂದೇ ಸಮಯವಾಗಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. ದಿನವಿಡೀ ಬೇರೆಯವರ ಕೆಲಸದಲ್ಲಿ ಕಳೆಯುವ ಹೆಂಗಸರಿಗೆ ಈ ಮಾತು ಅರ್ಥವಾಗುತ್ತದೆ. ಅದನ್ನು ಕಿತ್ತುಕೊಳ್ಳುವ ಮುನ್ನ ಅದಕ್ಕೆ ಬದಲಾಗಿ ಏನಾದರೂ ಕೊಡಬೇಕಿತ್ತು. ಸಂಜೆ ಆರರಿಂದ ಆರೂವರೆಯವರೆಗೆ ನನ್ನನ್ನು ಯಾರೂ ಕರೆಯಬಾರದು ಎಂದು ಮನೆಯಲ್ಲಿ ಹೇಳಿದೆ. ನಮ್ಮ ಯಜಮಾನರು ಮೊದಲು ಆಶ್ಚರ್ಯಪಟ್ಟರು, ಆಮೇಲೆ ಆ ಅರ್ಧ ಗಂಟೆ ಫೋನ್ ಬಂದರೂ ಬಾಗಿಲು ಬಡಿದರೂ ತಾವೇ ನೋಡಿಕೊಂಡರು. ಫೋನನ್ನು ರಾತ್ರಿ ಹತ್ತಕ್ಕೆ ನಡುಮನೆಯಲ್ಲಿ ಚಾರ್ಜಿಗೆ ಹಾಕಿ ಮಲಗುವ ಕೋಣೆಗೆ ಹೋಗುವುದನ್ನು ರೂಢಿಸಿಕೊಂಡೆ. ಏಳಲು ಹಳೆಯ ಅಲಾರಂ ಗಡಿಯಾರ ಸಾಕಾಯಿತು. ಆಗಸ್ಟ್ ಪುಟದಲ್ಲಿ ‘ನಿದ್ದೆ’ ಎರಡು ಕಡೆ ಮಾತ್ರ ಇದೆ.

ಊಟಕ್ಕೆ ಕೈ ಹಾಕಿದ್ದು ಆಗಸ್ಟ್‌ನಲ್ಲಿ, ಅದೂ ಕಾಫಿಯಿಂದ. ದಿನಕ್ಕೆ ಮೂರು ಲೋಟ, ಲೋಟಕ್ಕೆ ಎರಡು ಚಮಚ. ಒಂದು ಚಮಚ ನಾಲ್ಕು ಗ್ರಾಂ ಎಂದು ಹಿಡಿದರೂ 24 ಗ್ರಾಂ. ದಿನಕ್ಕೆ ಮೇಲಿನಿಂದ ಸೇರಿಸುವ ಸಕ್ಕರೆ ಸುಮಾರು 25 ಗ್ರಾಮಿನೊಳಗೆ ಇದ್ದರೆ ಒಳ್ಳೆಯದೆಂಬ ಮಿತಿಯನ್ನು ನನ್ನ ಕಾಫಿಯೊಂದೇ ತಿಂದುಹಾಕುತ್ತಿತ್ತು. ಹಿಂದಿನ ಸಲ ಒಂದೇ ದಿನಕ್ಕೆ ಸಕ್ಕರೆ ಬಿಟ್ಟು, ಕಾಫಿ ಕುಡಿಯುವ ಸಂತೋಷವನ್ನೇ ಕಳೆದುಕೊಂಡಿದ್ದೆ. ಈ ಸಲ ಎರಡು ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತ ಬಂದು ಎಂಟು ವಾರದಲ್ಲಿ ಸೊನ್ನೆ ಮುಟ್ಟಿದೆ. ಪ್ರತಿ ಸಲ ಇಳಿಸಿದಾಗಲೂ ಮೂರು ನಾಲ್ಕು ದಿನ ನಾಲಿಗೆ ತಕರಾರು ತೆಗೆಯುತ್ತಿತ್ತು, ಆಮೇಲೆ ಹೊಸ ರುಚಿಗೆ ಒಗ್ಗಿಕೊಳ್ಳುತ್ತಿತ್ತು. ಈಗ ಯಾರ ಮನೆಯಲ್ಲಾದರೂ ಸಕ್ಕರೆ ಹಾಕಿದ ಕಾಫಿ ಕೊಟ್ಟರೆ ಡಿಕಾಕ್ಷನ್ನಿನ ಪರಿಮಳವೇ ಸಿಗುವುದಿಲ್ಲ.

ರಾಗಿಯ ಕುರಿತು ಒಂದು ಮಾತು. ಅನ್ನ ಬಿಟ್ಟು ಮುದ್ದೆಗೆ ಬಂದರೆ ಸಕ್ಕರೆ ಏರುವುದಿಲ್ಲವೆಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ, ನಾನೂ ಅದನ್ನೇ ನಂಬಿದ್ದೆ. ಗ್ಲೂಕೋಮೀಟರ್ ತಂದು ಊಟವಾದ ಎರಡು ಗಂಟೆಗೆ ನೋಡಿಕೊಂಡಾಗ, ಎರಡು ದೊಡ್ಡ ಮುದ್ದೆಯನ್ನು ತಿಳಿಸಾರಿನಲ್ಲಿ ಉಂಡ ದಿನ 178 ಬಂತು; ಒಂದೇ ಮುದ್ದೆಯನ್ನು ಬಸ್ಸಾರು, ಅದರ ಪಲ್ಯ, ಒಂದು ಬಟ್ಟಲು ಹೆಸರುಬೇಳೆ ಕೋಸಂಬರಿಯ ಜೊತೆ ಉಂಡು, ಹಿತ್ತಲಲ್ಲಿ ಹದಿನೈದು ನಿಮಿಷ ಅಡ್ಡಾಡಿದ ದಿನ 139. ರಾಗಿಯಲ್ಲಿ ನಾರು, ಸುಣ್ಣದ ಅಂಶ ಎಲ್ಲ ಇದೆ, ಆದರೆ ಅದೂ ಹಿಟ್ಟೇ; ಅಳತೆ ತಪ್ಪಿದರೆ ಅನ್ನದ ದಾರಿಯನ್ನೇ ಹಿಡಿಯುತ್ತದೆ. ಉಂಡ ಮೇಲಿನ ಅಡ್ಡಾಟಕ್ಕೆ ಬೆಲೆ ಇರುವುದು ಏಕೆಂದರೆ, ಕೆಲಸ ಮಾಡುವ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಇನ್ಸುಲಿನ್ನಿಗೆ ಹೆಚ್ಚು ಕಾಯದೆ ತಾವೇ ಎಳೆದುಕೊಳ್ಳುತ್ತವೆ. ಈ ಅಂಕಿಗಳು ನನ್ನ ಮೈಯವು. ಬೇರೆಯವರು ತಮ್ಮದನ್ನು ತಾವೇ ನೋಡಿಕೊಳ್ಳಬೇಕು.

ಎಲ್ಲಕ್ಕಿಂತ ಕಷ್ಟವಾದದ್ದು ಅತ್ತೆಯವರೊಡನೆ. ಅವರ ಪ್ರೀತಿ ಬಡಿಸುವ ಕೈಯಲ್ಲಿದೆ. ಗೌರಿ ಹಬ್ಬದ ದಿನ ಒಬ್ಬಟ್ಟಿನ ಮೇಲೆ ತುಪ್ಪ ಹಾಕಿಕೊಂಡು ಬಂದು, ನಾನು ಅರ್ಧ ಸಾಕೆಂದಾಗ, “ಒಂದು ಒಬ್ಬಟ್ಟಿಗೆ ಏನಾಗೋಗುತ್ತಮ್ಮ? ಹಬ್ಬದ ದಿನ ಎಲೆ ಮುಂದೆ ಕೂತು ಬೇಡ ಅನ್ನಬಾರದು” ಎಂದು ಕಣ್ಣು ತುಂಬಿಕೊಂಡರು. ತಿಂದೆ. ಆದರೆ ಅಂದು ಸಂಜೆ ಅವರ ಪಕ್ಕದಲ್ಲಿ ಕುಳಿತು, “ಅತ್ತೆ, ನಮ್ಮಪ್ಪನಿಗೆ ಸೂಜಿ ಚುಚ್ಚಿದ ಕೈ ನೋಡಿದ್ದೀರಲ್ಲ, ನನಗೆ ಅದು ಬೇಡ. ನೀವು ಬಡಿಸಿದ್ದನ್ನ ನಾನು ಬೇಡ ಅಂದರೆ ನಿಮ್ಮನ್ನ ಬೇಡ ಅಂದ ಹಾಗಲ್ಲ” ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಮರುವಾರದಿಂದ ನನ್ನ ತಟ್ಟೆಗೆ ಮೊದಲು ಪಲ್ಯ, ಕೋಸಂಬರಿ ಬಡಿಸಿ, ಅವು ಮುಗಿಯುವವರೆಗೂ ಅನ್ನದ ಪಾತ್ರೆಯನ್ನು ತಮ್ಮ ಕಡೆಗೇ ಇಟ್ಟುಕೊಳ್ಳತೊಡಗಿದರು. ನಾನು ಕೇಳಿಕೊಂಡದ್ದಲ್ಲ, ಬಡಿಸುವುದನ್ನು ಬಿಡದೆಯೇ ಅವರು ಕಂಡುಕೊಂಡ ದಾರಿ ಅದು. ಒಬ್ಬಳ ಶಿಸ್ತು ಎಂದು ನಾವು ಕರೆಯುವುದರ ಹಿಂದೆ ಅಡುಗೆಮನೆಯ ಎಷ್ಟು ಜನರ ಒಪ್ಪಿಗೆ ಬೇಕಾಗುತ್ತದೆ ಎಂಬುದನ್ನು ನಾನು ಮೊದಲೆರಡು ಸಲ ಗಮನಿಸಿಯೇ ಇರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಎಚ್‌ಬಿಎ1ಸಿ 6.1ಕ್ಕೆ ಬಂತು. ಆ ಹೊತ್ತಿಗೆ ನಡಿಗೆ ನೂರು ದಿನ ದಾಟಿತ್ತು, ಆದರೂ ಬೆಳಿಗ್ಗೆ ಶೂ ಹಾಕಿಕೊಳ್ಳುವಾಗ ಒಳಗೊಂದು ಎಳೆದಾಟ ಇದ್ದೇ ಇತ್ತು. 21 ದಿನದಲ್ಲಿ ಆಗಬೇಕಾದದ್ದು ನೂರು ದಿನವಾದರೂ ಆಗಿಲ್ಲವಲ್ಲ ಎಂದು ಮಗಳೊಡನೆ ಹೇಳಿಕೊಂಡಾಗ ಅವಳು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಒಂದು ಅಧ್ಯಯನವನ್ನು ತೋರಿಸಿದಳು. 96 ಜನ ತಲಾ ಒಂದು ಹೊಸ ಅಭ್ಯಾಸವನ್ನು ಹಿಡಿದು 84 ದಿನ ದಾಖಲಿಸಿದ್ದರು. ಅಭ್ಯಾಸ ಬೇರೂರಲು ಹಿಡಿದದ್ದು, ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ನಡುವೆ ಬರುವವರಿಗೆ, 66 ದಿನ. ಆದರೆ ಒಬ್ಬರಿಂದ ಒಬ್ಬರಿಗೆ 18 ದಿನದಿಂದ 254 ದಿನದವರೆಗೆ ವ್ಯತ್ಯಾಸ. ದಾಖಲೆಯೇ 84 ದಿನದ್ದಾದ್ದರಿಂದ 254 ಎಂಬುದು ರೇಖೆಯನ್ನು ಮುಂದಕ್ಕೆ ಎಳೆದು ಅಂದಾಜಿಸಿದ ಸಂಖ್ಯೆ ಎಂಬುದೂ ಗಮನಕ್ಕೆ ಬಂತು. ಒಂದು ಲೋಟ ನೀರು ಕುಡಿಯುವಂಥ ಅಭ್ಯಾಸ ಬೇಗ ಕೂರುತ್ತದೆ, ವ್ಯಾಯಾಮ ತಡವಾಗಿ ಕೂರುತ್ತದೆ. 21 ಎಂಬ ಸಂಖ್ಯೆ, ಶಸ್ತ್ರಚಿಕಿತ್ಸೆಯಾದವರಿಗೆ ತಮ್ಮ ಹೊಸ ಮುಖ ರೂಢಿಯಾಗಲು ಕನಿಷ್ಠ ಅಷ್ಟು ದಿನ ಬೇಕೆಂದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಒಬ್ಬರು 1960ರಲ್ಲಿ ಬರೆದದ್ದರಿಂದ ಹರಡಿದ್ದಂತೆ. ಹತ್ತನೆಯ ತರಗತಿಗೆ ಪ್ರತಿವರ್ಷ ಸಂಖ್ಯಾಶಾಸ್ತ್ರದ ಅಧ್ಯಾಯ ಕಲಿಸುವಾಗ, ಮಧ್ಯದ ಬೆಲೆಯೊಂದನ್ನೇ ನೋಡಿ ತರಗತಿಯನ್ನು ಅಳೆಯಬೇಡಿ, ಹರವು ಎಷ್ಟಿದೆ ನೋಡಿ ಎಂದು ಹೇಳುವವಳು ನಾನು. ನನ್ನ ದೇಹಕ್ಕೆ ಮಾತ್ರ ಬೇರೆಯವರ ಸಂಖ್ಯೆಯನ್ನು ಗಡುವಾಗಿ ಕೊಟ್ಟಿದ್ದೆ. ಆ ಅಧ್ಯಯನದಲ್ಲಿ ನನಗೆ ಹೆಚ್ಚು ಸಮಾಧಾನ ತಂದದ್ದು ಇನ್ನೊಂದು ಸಾಲು: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೂರುವ ಕೆಲಸಕ್ಕೆ ಹೇಳಿಕೊಳ್ಳುವಂಥ ಧಕ್ಕೆ ಆಗಿರಲಿಲ್ಲ.

ಒಂದು ದಿನವೇನೋ ಸರಿ, ಹನ್ನೊಂದು ದಿನ ತಪ್ಪಿದರೆ? ಅಕ್ಟೋಬರ್‌ನಲ್ಲಿ ದಸರಾ ಬಂತು. ಮೈಸೂರಿನಲ್ಲಿ ಮನೆ ಇರುವವರಿಗೆ ಆ ದಿನಗಳು ಹೇಗಿರುತ್ತವೆ ಎಂದು ಹೇಳಬೇಕಾಗಿಲ್ಲ; ಬೆಂಗಳೂರು, ಹಾಸನ, ಶಿವಮೊಗ್ಗದಿಂದ ಬಂದ ನೆಂಟರು, ಗೊಂಬೆ ಕೂರಿಸುವುದು, ರಾತ್ರಿ ದೀಪಾಲಂಕಾರ ನೋಡಿಕೊಂಡು ಹನ್ನೆರಡಕ್ಕೆ ಮನೆ ಸೇರುವುದು, ಜಂಬೂಸವಾರಿ. ರಂಗೋಲಿ ಒಂದು ದಿನವೂ ತಪ್ಪಲಿಲ್ಲ, ಆದರೆ ಅದು ಮುಗಿದ ಕೂಡಲೇ ಹದಿನಾಲ್ಕು ಜನರ ಕಾಫಿಗೆ ಒಳಗೆ ಓಡುತ್ತಿದ್ದೆ. ಹನ್ನೊಂದು ‘ಗೈ’ ಸಾಲಾಗಿ ಬಿದ್ದವು. ಹನ್ನೆರಡನೆಯ ಬೆಳಿಗ್ಗೆ ಮೆಟ್ಟಿಲ ಮೇಲೆ ಕುಳಿತಾಗ ಹಳೆಯ ಮಾತು ಮತ್ತೆ ಬಂತು: ಹೇಗೂ ಕೆಟ್ಟಿತು, ಕಾರ್ತೀಕದಿಂದ ಹೊಸದಾಗಿ ಶುರುಮಾಡೋಣ. ಆ ಕ್ಷಣವನ್ನು ನಾನು ಸ್ಪಷ್ಟವಾಗಿ ನೆನಪಿಟ್ಟುಕೊಂಡಿದ್ದೇನೆ, ಏಕೆಂದರೆ ಹಿಂದಿನ ಎರಡು ಸಲ ನಾನು ನಿಂತುಹೋದದ್ದು ಇದೇ ಮಾತಿನ ಮುಂದೆ. ಜ್ವರ ಬಿಟ್ಟು ಬಂದ ಹುಡುಗಿಗೆ ನಾನು ಏನು ಹೇಳುತ್ತೇನೆ? “ಬಾಮ್ಮ, ಕೂತ್ಕೋ, ಇವತ್ತಿನ ಲೆಕ್ಕ ಇದು” ಎನ್ನುತ್ತೇನೆ. ಶೂ ಹಾಕಿಕೊಂಡು ಹಾಲಿನ ಬೂತಿನವರೆಗೆ ಹೋಗಿ ಬಂದೆ. ಹತ್ತು ನಿಮಿಷ. ‘ಹಾ’. ಪಕ್ಕದಲ್ಲಿ, ನಿಯಮದಲ್ಲಿ ಇಲ್ಲದಿದ್ದರೂ, ‘ಮರಳಿ ಬಂದೆ’ ಎಂದು ಬರೆದೆ. ಇಡೀ ಪುಸ್ತಕದಲ್ಲಿ ಆ ‘ಹಾ’ದಷ್ಟು ಕಷ್ಟಪಟ್ಟು ಬರೆದದ್ದು ಇನ್ನೊಂದಿಲ್ಲ.

2024ರ ಫೆಬ್ರುವರಿಯಲ್ಲಿ ಅತ್ತೆಯವರು ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆ, ಆಸ್ಪತ್ರೆಯಲ್ಲಿ ಒಂಬತ್ತು ದಿನ, ಆಮೇಲೆ ಮನೆಯಲ್ಲಿ ಆರು ವಾರ ಅವರನ್ನು ಒಬ್ಬರೇ ಬಿಡುವಂತಿರಲಿಲ್ಲ. ಅದೇ ಹೊತ್ತಿಗೆ ಪರೀಕ್ಷೆಯ ಕೆಲಸ. ಕೆರೆ ನೋಡದೆ ಎರಡು ತಿಂಗಳಾಯಿತು. ಆಸ್ಪತ್ರೆಯ ಓಣಿಯಲ್ಲಿ, ಆಮೇಲೆ ನಮ್ಮ ತಾರಸಿಯ ಮೇಲೆ, ಆಗಿಷ್ಟು ಈಗಿಷ್ಟು ಹತ್ತು ನಿಮಿಷ ನಡೆದೆ. ಎಷ್ಟೋ ದಿನ ಅದೂ ಆಗಲಿಲ್ಲ. ಮಾರ್ಚ್ ಕೊನೆಯ ವರದಿಯಲ್ಲಿ ಎಚ್‌ಬಿಎ1ಸಿ ಮತ್ತೆ 6.2ಕ್ಕೆ ಏರಿತ್ತು. ಮೊದಲಿನವಳಾಗಿದ್ದರೆ ಆ ಕಾಗದ ನನ್ನನ್ನು ಕುಗ್ಗಿಸುತ್ತಿತ್ತು. ಈ ಸಲ ಅದರ ಪಕ್ಕದಲ್ಲಿ ನನ್ನ ಪುಸ್ತಕ ಇತ್ತು: ಫೆಬ್ರುವರಿಯ 29 ದಿನಗಳಲ್ಲಿ 15, ಮಾರ್ಚ್‌ನ 31ರಲ್ಲಿ 17. ಅಂಥ ದಿನಗಳಲ್ಲೂ ಅರ್ಧಕ್ಕಿಂತ ಹೆಚ್ಚು. ಕೋಲು ಹಿಡಿದು ನಡೆಯಲು ಕಲಿಯುತ್ತಿದ್ದ ಅತ್ತೆ ತಮಗೂ ಒಂದು ಸಾಲು ಬರೆಯಲು ಹೇಳಿದರು. ಪುಸ್ತಕದಲ್ಲಿ ಎರಡನೆಯ ಹೆಸರು ಅವರದು. ನಡುಮನೆಯಿಂದ ತುಳಸಿಕಟ್ಟೆಯವರೆಗೆ ಹೋಗಿ ಬಂದರೆ ಅವರಿಗೆ ‘ಹಾ’.

ಮೇ 31ಕ್ಕೆ ವರ್ಷ ತುಂಬಿದಾಗ ಕೂಡಿ ನೋಡಿದೆ. 366 ದಿನಗಳಲ್ಲಿ 281, ಶೇಕಡಾ 76.8. ಉತ್ತೀರ್ಣ. 2024ರ ಸೆಪ್ಟೆಂಬರ್‌ನಲ್ಲಿ ಎಚ್‌ಬಿಎ1ಸಿ 5.8, 2025ರ ಮೇ ತಿಂಗಳಲ್ಲಿ 5.7; ತೂಕ 68 ಕಿಲೋ, ಸೊಂಟ 87 ಸೆಂಟಿಮೀಟರ್. ಹೊಸ್ತಿಲನ್ನು ಪೂರ್ತಿ ದಾಟಿ ಈಚೆ ಬಂದಿಲ್ಲ. ನಮ್ಮ ಕಡೆಯ ಹೆಂಗಸರಿಗೆ ಸೊಂಟ 80ರೊಳಗೆ ಇರಬೇಕೆಂದು ವೈದ್ಯರು ನೆನಪಿಸುತ್ತಾರೆ. ಆ ಒಳಗಿನ ಎಳೆದಾಟ ಯಾವ ದಿನ ನಿಂತಿತೆಂದು ಗೊತ್ತಾಗಲಿಲ್ಲ. ಎರಡನೆಯ ವರ್ಷದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ, ಕೆರೆಯ ಏರಿಯ ಮೇಲೆ ಇದ್ದಾಗ, ಶೂ ಹಾಕಿಕೊಂಡದ್ದೇ ನೆನಪಿಗೆ ಬರಲಿಲ್ಲ.

ಇನ್ನೂ ಕೂರದಿರುವುದೂ ಒಂದಿದೆ. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು. ಈ ವಯಸ್ಸಿನ ಹೆಂಗಸರ ಮೂಳೆಗೆ ಅದು ಎಷ್ಟು ಅಗತ್ಯವೆಂಬುದನ್ನು ಅತ್ತೆಯವರ ಸೊಂಟ ನೋಡಿದ ಮೇಲೆ ಯಾರೂ ಹೇಳಬೇಕಿಲ್ಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಯೊತ್ತಿ ಬಾಗುವುದು, ಒಂದು ಲೀಟರ್ ನೀರಿನ ಬಾಟಲಿ ಎತ್ತಿ ಇಳಿಸುವುದು, ಒಟ್ಟು ಹದಿನೈದು ನಿಮಿಷ. ಇದಕ್ಕೆಂದು ಜನವರಿಯಲ್ಲಿ ಮೂರನೆಯ ಸಾಲು ತೆರೆದೆ. ಕಳೆದ ತಿಂಗಳು ಒಂಬತ್ತು ದಿನ ಆಗಬೇಕಾದಲ್ಲಿ ಮೂರು ದಿನ ಆಗಿದೆ. ‘ಗೈ’ಗಳ ಪಕ್ಕದಲ್ಲಿ ಆರೂ ಕಡೆ ಒಂದೇ ಪದ, ‘ಮರೆತೆ’. ಹೊತ್ತು ಗೊತ್ತಿಲ್ಲದೆ ‘ಸಂಜೆ ಯಾವಾಗಲಾದರೂ’ ಎಂದು ಇಟ್ಟುಕೊಂಡದ್ದರ ಫಲ ಅದು. ಸೋಮವಾರದಿಂದ ಅದನ್ನು ದೀಪ ಹಚ್ಚಿದ ಕೂಡಲೇ ಮಾಡುವುದೆಂದು ಗೊತ್ತುಮಾಡಿ, ಎರಡು ನೀರಿನ ಬಾಟಲಿಗಳನ್ನು ದೇವರ ಕೋಣೆಯ ಬಾಗಿಲ ಪಕ್ಕಕ್ಕೆ ತಂದಿಟ್ಟಿದ್ದೇನೆ.